ಶಾಲೆ ಶುರುವಾಯಿತು, ತಾಯಿ ಕಾರ್ಡ್ ಎಲ್ಲಿದೆ?

ಜೂನ್ ಮೊದಲ ವಾರ ದಾಟಿತೆಂದರೆ ಕುರ್ಲಾ ಟರ್ಮಿನಸ್ಸಿಗೆ ಬಂದು ನಿಲ್ಲುವ ಮತ್ಸ್ಯಗಂಧಾದ ತುಂಬ ನಮ್ಮವರೇ. ಹಲಸಿನ ಹಪ್ಪಳದ ಡಬ್ಬ, ಮಿಡಿ ಉಪ್ಪಿನಕಾಯಿ, ಕುಚ್ಚಲಕ್ಕಿ ಚೀಲ, ಇವುಗಳ ನಡುವೆ ನಿದ್ದೆಗಣ್ಣಿನ ಮಕ್ಕಳು. ಮಹಾರಾಷ್ಟ್ರದಲ್ಲಿ ಶಾಲೆಯ ಬಾಗಿಲು ತೆರೆಯುವುದು ಜೂನ್ ಮಧ್ಯದಲ್ಲಿ. ಹೈದರಾಬಾದು, ಚೆನ್ನೈಯವರಿಗೂ ಹೆಚ್ಚುಕಡಿಮೆ ಅದೇ ಹೊತ್ತು. ದೆಹಲಿಯವರಿಗೆ ಮಾತ್ರ ಜುಲೈವರೆಗೆ ಸ್ವಲ್ಪ ಬಿಡುವು. ಊರಿನಿಂದ ಬಂದಿಳಿದ ಮರುದಿನದಿಂದಲೇ ಯೂನಿಫಾರ್ಮು, ರೇನ್‌ಕೋಟು, ನೋಟ್‌ಬುಕ್ಕಿನ ಬೈಂಡು ಎಂದು ಓಡಾಟ ಶುರು. ಶಾಲೆ ಕೊಡುವ ಪಟ್ಟಿಯಲ್ಲಿ ಕಪ್ಪು ಬೂಟಿನ ಲೇಸಿನವರೆಗೆ ಎಲ್ಲವೂ ಇರುತ್ತದೆ. ಮಗುವಿನ ಕಣ್ಣು, ಕಿವಿ, ನಿದ್ದೆ ಮಾತ್ರ ಇರುವುದಿಲ್ಲ.

ನಮ್ಮ ನಡುವಿನ ಕೆಲವು ಮನೆಗಳಿಗೆ ಜೂನ್ ಎಂದರೆ ಬೇರೆಯೇ ಅರ್ಥ. ನಡೆಯಲಾಗದ, ಸರಿಯಾಗಿ ಕೇಳಿಸದ, ಮಾತು ತಡವಾದ, ಅಕ್ಷರಗಳು ಕಣ್ಣೆದುರು ತಿರುಗುಮುರುಗಾಗುವ ಮಗು ಇರುವ ಮನೆಗಳು ಅವು. ಅಲ್ಲಿನ ಪ್ರಶ್ನೆ ರೇನ್‌ಕೋಟಿನ ಬಣ್ಣದ್ದಲ್ಲ, ‘ಈ ವರ್ಷ ಇಟ್ಟುಕೊಳ್ಳುತ್ತಾರೋ, ಟಿ.ಸಿ. ಕೈಗೆ ಕೊಡುತ್ತಾರೋ’ ಎಂಬುದು. ಈ ಲೇಖನದಲ್ಲಿ ಎರಡೂ ಬಗೆಯ ಮನೆಗಳಿಗೆ ಬೇಕಾದ ಮಾತು ಸೇರಿಕೊಂಡಿದೆ. ಬೇರೆ ಬೇರೆ ಮಾಡಲು ನಾನು ಹೋಗಿಲ್ಲ. ಯಾವ ಮನೆ ಯಾವಾಗ ಯಾವ ಬಗೆಗೆ ಸೇರುತ್ತದೆಂದು ಹೇಳಲಾಗದು.

ಮೊದಲು ತಾಯಿ ಕಾರ್ಡಿನ ವಿಷಯ. ಹೆರಿಗೆಗೆ ತವರಿಗೆ ಹೋಗಿ, ಮಗುವಿಗೆ ಮೂರೋ ಆರೋ ತಿಂಗಳಾದ ಮೇಲೆ ಮರಳುವುದು ನಮ್ಮಲ್ಲಿ ರೂಢಿ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾಕಿಸಿದ ಲಸಿಕೆಗಳೆಲ್ಲ ಆ ಕಾರ್ಡಿನಲ್ಲಿ ಬರೆದಿರುತ್ತವೆ. ಕಾರ್ಡು ಮಾತ್ರ ಅಜ್ಜಿಯ ಟ್ರಂಕಿನಲ್ಲಿ, ಜಮೀನಿನ ಪಹಣಿಯ ಕೆಳಗೆ. ಇಲ್ಲಿ ಮುಂದುವರಿಸಿದ ಲಸಿಕೆ ಇನ್ನೊಂದು ಫೈಲಿನಲ್ಲಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ. ಹೀಗಾಗಿ ಐದಾರು ವರ್ಷಕ್ಕೆ ಕೊಡಬೇಕಾದ ಡಿಪಿಟಿ ಬೂಸ್ಟರ್ ಎಷ್ಟೋ ಮಕ್ಕಳಿಗೆ ತಪ್ಪಿಹೋಗುತ್ತದೆ. 10 ಮತ್ತು 16ನೇ ವಯಸ್ಸಿಗೆ ಕೊಡುವ ಟಿ.ಡಿ. (ಧನುರ್ವಾಯು ಮತ್ತು ಗಂಟಲಮಾರಿ) ಲಸಿಕೆ ಇದೆಯೆಂಬುದೇ ಹಲವರಿಗೆ ಗೊತ್ತಿರುವುದಿಲ್ಲ. ಇವೆಲ್ಲ ಸರ್ಕಾರಿ ಕೇಂದ್ರಗಳಲ್ಲಿ ಉಚಿತ, ನೀವು ಯಾವ ರಾಜ್ಯದವರೆಂದು ಯಾರೂ ಕೇಳುವುದಿಲ್ಲ. ಊರಿಗೆ ಫೋನು ಮಾಡಿ ಆ ಕಾರ್ಡಿನ ಎಲ್ಲ ಪುಟಗಳ ಫೋಟೋ ವಾಟ್ಸ್ಯಾಪಿನಲ್ಲಿ ತರಿಸಿಕೊಳ್ಳಿ, ಇಲ್ಲಿಯ ಮಕ್ಕಳ ವೈದ್ಯರಿಗೆ ತೋರಿಸಿ.

ನಿದ್ದೆಯ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಆರರಿಂದ ಹನ್ನೆರಡು ವಯಸ್ಸಿನವರಿಗೆ ದಿನಕ್ಕೆ 9ರಿಂದ 12 ಗಂಟೆ ಬೇಕು. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ನಾಲ್ಕನೆಯ ತರಗತಿಯವರೆಗಿನ ಮಕ್ಕಳಿಗೆ ಬೆಳಿಗ್ಗೆ 9ರ ಮೊದಲು ಶಾಲೆ ಬೇಡವೆಂದು ಆದೇಶಿಸಿದ್ದು ಇದೇ ಕಾರಣಕ್ಕೆ. ಆದರೆ ರಾತ್ರಿ ಹನ್ನೊಂದಕ್ಕೆ ಅಪ್ಪ ಲೋಕಲ್ ಇಳಿದು ಬಂದ ಮೇಲೆಯೇ ಮನೆಯಲ್ಲಿ ದೀಪ ಆರುವುದಾದರೆ ಆದೇಶ ಏನು ಮಾಡೀತು? ರಜೆಯ ಅಭ್ಯಾಸ ಒಂದೇ ದಿನಕ್ಕೆ ಬಿಡುವುದಿಲ್ಲ, ದಿನಕ್ಕೆ ಹದಿನೈದು ನಿಮಿಷದಂತೆ ಹಿಂದೆ ಸರಿಸುತ್ತ ಬರಬೇಕು.

ಮಳೆಯ ನೀರಿನ ಬಗ್ಗೆ ಮುಂಬಯಿಯವರಿಗೆ ಒಂದು ಮಾತು. ಹಿಂದ್‌ಮಾತಾದಲ್ಲೋ ಸಾಯನ್‌ನಲ್ಲೋ ಮೊಣಕಾಲುದ್ದ ನೀರಿನಲ್ಲಿ ಮಗು ನಡೆದು ಬಂದಿದ್ದರೆ, ಅದರಲ್ಲೂ ಕಾಲಿಗೆ ಗಾಯವಿದ್ದರೆ, ಜ್ವರ ಬರಲೆಂದು ಕಾಯಬೇಡಿ. ಇಲಿಜ್ವರಕ್ಕೆ ಮುಂಜಾಗ್ರತೆಯ ಮಾತ್ರೆಯನ್ನು 72 ಗಂಟೆಯೊಳಗೆ ಕೊಡಬೇಕೆಂದು ಮಹಾನಗರಪಾಲಿಕೆ ಪ್ರತಿ ಮಳೆಗಾಲದಲ್ಲೂ ಹೇಳುತ್ತದೆ. ಯಾವ ಮಾತ್ರೆ, ಎಷ್ಟು ಎಂಬುದು ವಯಸ್ಸಿನ ಮೇಲೆ. ದೊಡ್ಡವರಿಗೆ ಕೊಟ್ಟದ್ದನ್ನೇ ಅರ್ಧ ಮಾಡಿ ಮಗುವಿಗೆ ಕೊಡುವ ಕೆಲಸ ಬೇಡ.

ಈಗ ಕಣ್ಣು ಮತ್ತು ಕಿವಿ. ಇಲ್ಲಿ ಸ್ವಲ್ಪ ನಿಲ್ಲಬೇಕು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳನ್ನು ವೈದ್ಯರ ತಂಡ ಬಂದು ತಪಾಸಣೆ ಮಾಡುತ್ತದೆ. ಹುಟ್ಟಿನಿಂದ 18 ವರ್ಷದವರೆಗೆ. ಸಿಕ್ಕಿದ ದೋಷಕ್ಕೆ ಚಿಕಿತ್ಸೆಯೂ ಉಚಿತ. ತಮಾಷೆಯೆಂದರೆ, ಸಂಬಳದ ಮೂರನೆಯ ಒಂದು ಪಾಲು ಫೀಸು ತೆತ್ತು ನಾವು ಸೇರಿಸುವ ಖಾಸಗಿ ಶಾಲೆಯ ಮಕ್ಕಳಿಗೆ ಈ ತಪಾಸಣೆ ಇಲ್ಲ. ಶಾಲೆಯವರು ವರ್ಷಕ್ಕೊಮ್ಮೆ ಎತ್ತರ, ತೂಕ ಬರೆದು ಕೈ ತೊಳೆದುಕೊಂಡರೆ ಉಳಿದದ್ದು ಹೆತ್ತವರ ಪಾಲಿಗೆ.

ಬೋರ್ಡು ಕಾಣಿಸದ ಮಗು ‘ನನಗೆ ಕಾಣಿಸುತ್ತಿಲ್ಲ’ ಎಂದು ಹೇಳುವುದಿಲ್ಲ. ಅದಕ್ಕೆ ಎಲ್ಲರಿಗೂ ಹಾಗೆಯೇ ಕಾಣುತ್ತದೆಂದು ಅನಿಸಿರುತ್ತದೆ. ನೋಟ್ಸು ಅರ್ಧಕ್ಕೆ ನಿಲ್ಲುತ್ತದೆ, ಪಕ್ಕದವನ ಪುಸ್ತಕ ನೋಡಿ ಬರೆಯುತ್ತದೆ, ಟೀಚರು ‘ಉದಾಸೀನ’ ಎಂದು ಡೈರಿಯಲ್ಲಿ ಬರೆಯುತ್ತಾರೆ. ಒಂದು ಕಣ್ಣು ಮಾತ್ರ ಮಸುಕಾಗಿದ್ದರಂತೂ ಇನ್ನೊಂದು ಕಣ್ಣು ಎಲ್ಲ ಮುಚ್ಚಿಹಾಕುತ್ತದೆ. ಅಂಥ ಸೋಮಾರಿ ಕಣ್ಣಿಗೆ ಏಳೆಂಟು ವರ್ಷದೊಳಗೆ ಚಿಕಿತ್ಸೆ ಕೊಟ್ಟರೆ ಗುಣ ಹೆಚ್ಚು, ಆಮೇಲೆ ಕಷ್ಟ. ಒಂದೊಂದು ಕಣ್ಣನ್ನೇ ಅಂಗೈಯಿಂದ ಮುಚ್ಚಿ ಎದುರು ಗೋಡೆಯ ಕ್ಯಾಲೆಂಡರ್ ಓದಿಸಿ ನೋಡುವುದಕ್ಕೆ ಖರ್ಚಿಲ್ಲ. ಅನುಮಾನ ಬಂದರೆ ಕಣ್ಣಿನ ವೈದ್ಯರ ಹತ್ತಿರ ಹೋಗಿ, ಕನ್ನಡಕದ ಅಂಗಡಿಯ ಕಂಪ್ಯೂಟರಿನ ಮುಂದೆ ಕೂರಿಸುವುದು ಸಾಲದು.

ಕಿವಿಯದೂ ಹಾಗೆ. ಮಳೆಗಾಲದ ನೆಗಡಿ ಮೇಲಿಂದ ಮೇಲೆ ಬಂದು ಕಿವಿಪರದೆಯ ಹಿಂದೆ ನೀರು ನಿಂತ ಮಗು ತರಗತಿಯಲ್ಲಿ ಅರ್ಧ ಮಾತನ್ನಷ್ಟೇ ಕೇಳಿಸಿಕೊಳ್ಳುತ್ತದೆ. ಟಿ.ವಿ. ದನಿ ಏರಿಸುತ್ತದೆ, ಕರೆದರೆ ಓಗೊಡುವುದಿಲ್ಲ. ಮನೆಯಲ್ಲಿ ‘ಕಿವಿ ಕೇಳಿಸಿದರೂ ಕೇಳಿಸದವನ ಹಾಗೆ ಮಾಡುತ್ತಾನೆ’ ಎಂದು ಬೈಗುಳ. ನಿಜವಾಗಿಯೂ ಕೇಳಿಸದಿರಬಹುದು. ಬಾಂದ್ರಾದಲ್ಲಿ 1983ರಿಂದ ನಡೆಯುತ್ತಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ, ಮಾತಿನ ತರಬೇತಿ ಎರಡೂ ಕಡಿಮೆ ಖರ್ಚಿನಲ್ಲಿ ಆಗುತ್ತವೆ.

ಚೀಲದ ಭಾರ ಮಗುವಿನ ತೂಕದ ಶೇ. 10ಕ್ಕಿಂತ ಹೆಚ್ಚಿರಬಾರದೆಂದು ಕೇಂದ್ರದ 2020ರ ಶಾಲಾ ಚೀಲ ನೀತಿ ಹೇಳುತ್ತದೆ. ಮನೆಯಲ್ಲಿ ತಕ್ಕಡಿ ಇದ್ದರೆ ಒಮ್ಮೆ ತೂಗಿ ನೋಡಿ. ಅಷ್ಟೇ.

ದಿನವೂ ಔಷಧಿ ಬೇಕಾಗುವ ಮಕ್ಕಳ ಹೆತ್ತವರಲ್ಲಿ ನಾನು ಕಂಡ ದೊಡ್ಡ ಅಂಜಿಕೆ ‘ಶಾಲೆಗೆ ಹೇಳಿದರೆ ಎಲ್ಲಿ ತೆಗೆದುಬಿಡುತ್ತಾರೋ’ ಎಂಬುದು. ಹಾಗೆಂದು ಮುಚ್ಚಿಟ್ಟರೆ ಅಪಾಯ ಮಗುವಿಗೇ. ದಮ್ಮಿನ ಮಗುವಿನ ಚೀಲದಲ್ಲಿ ಇನ್‌ಹೇಲರ್ ಇದೆಯೆಂದು ಕ್ಲಾಸ್ ಟೀಚರಿಗೆ ಗೊತ್ತಿರಲೇಬೇಕು. ಮುಂಬಯಿಯ ಬೂಷ್ಟು ಹಿಡಿದ ಗೋಡೆಗಳ ಜುಲೈ ತಿಂಗಳಲ್ಲಂತೂ ಹೌದು. ಇನ್‌ಹೇಲರ್ ಚಟವಾಗುತ್ತದೆ ಎಂಬುದು ಸುಳ್ಳು. ಮೂರ್ಛೆರೋಗದ ಮಗುವಿಗೆ ತರಗತಿಯಲ್ಲಿ ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ, ಕೈಗೆ ಬೀಗದ ಕೈ ಕೊಡುವ, ಈರುಳ್ಳಿ ಮೂಸಿಸುವ ಉಪಚಾರ ಮಾಡದೆ, ಗಡಿಯಾರ ನೋಡಬೇಕು. ಐದು ನಿಮಿಷ ಮೀರಿದರೆ ಆಸ್ಪತ್ರೆ. ಇದನ್ನು ಟೀಚರಿಗೆ ಹೇಳಿಕೊಡಬೇಕಾದವರು ಹೆತ್ತವರೇ. ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳಿಗೆ ತರಗತಿಯಲ್ಲಿ ಸಕ್ಕರೆ ಪರೀಕ್ಷಿಸಿಕೊಳ್ಳಲು, ಚುಚ್ಚಿಕೊಳ್ಳಲು, ನಡುವೆ ತಿನ್ನಲು ಅವಕಾಶ ಕೊಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆದಿದೆ. ಸಿಬಿಎಸ್‌ಇ ಪರೀಕ್ಷಾ ಕೊಠಡಿಗೂ ತಿಂಡಿ, ಸಕ್ಕರೆ ಮಾತ್ರೆ ಒಯ್ಯಲು 2017ರಲ್ಲೇ ಒಪ್ಪಿದೆ. ಒಂದೇ ಹಾಳೆಯಲ್ಲಿ ರೋಗದ ಹೆಸರು, ಔಷಧಿ, ಹೊತ್ತು, ಏನಾದರೆ ಏನು ಮಾಡಬೇಕು, ಯಾರಿಗೆ ಫೋನು ಎಂದು ಬರೆದು, ವೈದ್ಯರ ಸಹಿ ಹಾಕಿಸಿ, ಮೂರು ಪ್ರತಿ ಮಾಡಿ. ಒಂದು ಕ್ಲಾಸ್ ಟೀಚರಿಗೆ, ಒಂದು ಆಫೀಸಿಗೆ, ಒಂದು ಶಾಲಾ ಬಸ್ಸಿನ ಆಯಾಗೆ. ಬಸ್ಸಿನವರನ್ನು ಎಲ್ಲರೂ ಮರೆಯುತ್ತಾರೆ.

ಇನ್ನು ‘ನಮ್ಮಲ್ಲಿ ಅಂಥ ಮಕ್ಕಳಿಗೆ ವ್ಯವಸ್ಥೆ ಇಲ್ಲ’ ಎಂಬ ಮಾತು.

ಈ ವಾಕ್ಯವನ್ನು ಎಷ್ಟು ವಿನಯದಿಂದ, ಎಷ್ಟು ತಂಪಾದ ಆಫೀಸಿನಲ್ಲಿ ಕೂತು ಹೇಳಿದರೂ ಅದು ಕಾನೂನಿಗೆ ವಿರುದ್ಧ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಆಟಿಸಂ, ಕಲಿಕೆಯ ನ್ಯೂನತೆ, ಥಲಸ್ಸೀಮಿಯಾ ಕೂಡ ಅದರಲ್ಲಿ ಸೇರಿವೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಕಟ್ಟಡವನ್ನು ಓಡಾಡಲು ತಕ್ಕಂತೆ ಮಾಡಬೇಕು, ಮಗುವಿಗೆ ಬೇಕಾದ ಹೊಂದಾಣಿಕೆ ಒದಗಿಸಬೇಕು ಎಂದು 16ನೇ ಕಲಮು ಹೇಳುತ್ತದೆ. ಶೇ. 40 ಮತ್ತು ಅದಕ್ಕೂ ಹೆಚ್ಚಿನ ವೈಕಲ್ಯ ಇದ್ದರೆ 6ರಿಂದ 18ರವರೆಗೆ ಸಮೀಪದ ಶಾಲೆಯಲ್ಲೋ, ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಎನ್ನುವುದು 31ನೇ ಕಲಮು. ಶಿಕ್ಷಣ ಹಕ್ಕು ಕಾಯ್ದೆಯ ಶೇ. 25ರ ಸೀಟುಗಳಲ್ಲೂ ಅಂಗವಿಕಲ ಮಕ್ಕಳಿಗೆ ಪಾಲಿದೆ. ಆದರೆ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಮುಂಬಯಿಯಲ್ಲಿ ಅಂಥ ಶಾಲೆಗಳೇ ಬಹಳ. 2016ರ ಕಾಯ್ದೆಯ 16ನೇ ಕಲಮಿನಲ್ಲಿ ಮಾತ್ರ ಆ ವಿನಾಯಿತಿ ಬರೆದಿಲ್ಲ, ಆದ್ದರಿಂದ ಮಾತಾಡುವಾಗ ಇದನ್ನೇ ಹಿಡಿದುಕೊಳ್ಳಿ. ಬಾಯಿಮಾತಿನ ‘ಇಲ್ಲ’ವನ್ನು ಒಪ್ಪಬೇಡಿ. ‘ದಯವಿಟ್ಟು ಬರೆದು ಕೊಡಿ’ ಎಂದು ಕೇಳಿ. ಅಲ್ಲಿಗೆ ಅರ್ಧ ಶಾಲೆಗಳ ದನಿ ಬದಲಾಗುತ್ತದೆ. ಬದಲಾಗದಿದ್ದರೆ ದೂರು ಕೊಡಲು ಪ್ರತಿ ರಾಜ್ಯದಲ್ಲೂ ಅಂಗವಿಕಲರ ಆಯುಕ್ತರಿದ್ದಾರೆ. ಮಹಾರಾಷ್ಟ್ರದವರ ಕಚೇರಿ ಪುಣೆಯಲ್ಲಿದೆ.

ನಮ್ಮಂಥ ಹೊರನಾಡಿನವರು ಮುಖ್ಯವಾಗಿ ತಿಳಿಯಬೇಕಾದದ್ದು ಇನ್ನೊಂದಿದೆ. ಕರ್ನಾಟಕದಲ್ಲಿ ಮಾಡಿಸಿದ ಅಂಗವೈಕಲ್ಯ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ ಎಂದು ಕೌಂಟರಿನಲ್ಲಿ ಕೂತವರು ಹೇಳಿದರೆ ಅದು ತಪ್ಪು. ಒಂದು ಕಡೆ ಕೊಟ್ಟ ಪ್ರಮಾಣಪತ್ರಕ್ಕೆ ದೇಶವಿಡೀ ಮಾನ್ಯತೆ ಇದೆಯೆಂದು ಕಾಯ್ದೆಯ 58ನೇ ಕಲಮಿನಲ್ಲೇ ಇದೆ. ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ಹಾಕಿ ಪಡೆಯುವ ಯುಡಿಐಡಿ ಕಾರ್ಡ್ ಇರುವುದೇ ಈ ತೊಂದರೆ ತಪ್ಪಲೆಂದು. ರಾಜ್ಯ ಸರ್ಕಾರದ ಮಾಸಾಶನ, ಬಸ್ ಪಾಸುಗಳ ಕತೆ ಬೇರೆ, ಅವಕ್ಕೆ ಆಯಾ ರಾಜ್ಯದ ವಾಸದ ದಾಖಲೆ ಬೇಕು. ಆಧಾರಿನಲ್ಲಿ ಇನ್ನೂ ಊರಿನ ವಿಳಾಸವೇ ಇದ್ದರೆ ಎಲ್ಲಿ ವಾಸವೋ ಅಲ್ಲಿಗೆ ಬದಲಿಸಿಕೊಂಡು ಮುಂದುವರಿಯುವುದು ಸಲೀಸು.

ಓದು ಬರಹದ ತೊಡಕಿಗೆ, ಅಂದರೆ ಡಿಸ್ಲೆಕ್ಸಿಯಾದಂಥವಕ್ಕೆ, ಎಂಟು ವರ್ಷ ತುಂಬುವ ಮೊದಲು ಸಾಮಾನ್ಯವಾಗಿ ಪ್ರಮಾಣಪತ್ರ ಸಿಗುವುದಿಲ್ಲ. ಅದಕ್ಕೆ ಮೊದಲು ನೆರವು ಕೊಡಬಾರದೆಂದೇನೂ ಇಲ್ಲ. ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯಿತಿ ಕೊಟ್ಟ ಮೊದಲ ರಾಜ್ಯ ಮಹಾರಾಷ್ಟ್ರ, 1996ರಲ್ಲಿ. ಮುಂಬಯಿಯಲ್ಲಿ ಸಾಯನ್ ಆಸ್ಪತ್ರೆಯ ಕಲಿಕಾ ನ್ಯೂನತೆ ಕ್ಲಿನಿಕ್ಕು ಹೆಸರಾದದ್ದು. ಆದರೆ ಸರ್ಕಾರಿ ಆಸ್ಪತ್ರೆಯ ಪರೀಕ್ಷೆಗಳು ಒಂದೇ ದಿನಕ್ಕೆ ಮುಗಿಯುವುದಿಲ್ಲ, ಹಲವು ಸಲ ಹೋಗಬೇಕು. ಹತ್ತನೆಯ ತರಗತಿಯ ಜನವರಿಯಲ್ಲಿ ಓಡುವವರನ್ನು ಪ್ರತಿ ವರ್ಷ ಕಾಣುತ್ತೇನೆ. ಎಂಟನೆಯ ತರಗತಿಯ ಜೂನಿನಲ್ಲೇ ಹೆಸರು ಬರೆಸಿ. ಪ್ರಮಾಣಪತ್ರ ಕೈಗೆ ಬಂದರೆ ಬರೆಯುವ ಸಹಾಯಕರು, ಗಂಟೆಗೆ 20 ನಿಮಿಷದಂತೆ ಹೆಚ್ಚಿನ ಸಮಯ, ಅಗತ್ಯಕ್ಕೆ ತಕ್ಕಂತೆ ಸಿಗುತ್ತವೆ. ಹೈದರಾಬಾದಿನ ಓದುಗರಿಗೆ ಬುದ್ಧಿಮಾಂದ್ಯತೆಗೆ ಸಂಬಂಧಿಸಿದ ರಾಷ್ಟ್ರೀಯ ಸಂಸ್ಥೆ ಸಿಕಂದರಾಬಾದಿನಲ್ಲಿ, ಚೆನ್ನೈಯವರಿಗೆ ಬಹುವೈಕಲ್ಯಗಳ ರಾಷ್ಟ್ರೀಯ ಸಂಸ್ಥೆ ಮುಟ್ಟುಕಾಡಿನಲ್ಲಿ ಇದೆ.

ಭಾಷೆಯ ಗೊಂದಲ ನಮ್ಮ ಮನೆಗಳದ್ದೇ ವಿಶೇಷ. ಅಜ್ಜಿಯೊಡನೆ ತುಳು, ಅಮ್ಮನೊಡನೆ ಕನ್ನಡ, ಲಿಫ್ಟಿನಲ್ಲಿ ಹಿಂದಿ, ಕೆಲಸದ ಬಾಯಿಯೊಡನೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಮೂರು ವರ್ಷವಾದರೂ ಮಗು ಮಾತಾಡದಿದ್ದರೆ ಮೊದಲ ಆರೋಪ ಹೋಗುವುದು ಕನ್ನಡದ ಮೇಲೆ. ‘ಮನೆಯಲ್ಲಿ ನಿಮ್ಮ ಭಾಷೆ ಬಿಡಿ, ಇಂಗ್ಲಿಷೊಂದೇ ಆಡಿ’ ಎಂದು ಶಾಲೆಯವರು ಹೇಳುತ್ತಾರೆ, ಕೆಲವು ವೈದ್ಯರೂ ಹೇಳುತ್ತಾರೆ. ಸರಿಯಾಗಿ ಇಂಗ್ಲಿಷ್ ಬಾರದ ಅಮ್ಮ ಅಂದಿನಿಂದ ಮಗುವಿನೊಡನೆ ‘ಕಮ್, ಸಿಟ್, ಈಟ್’ ಎಂಬ ಮೂರು ಶಬ್ದಗಳಲ್ಲಿ ಬದುಕಲು ತೊಡಗುತ್ತಾಳೆ. ಮಗುವಿಗೆ ಸಿಗುತ್ತಿದ್ದ ಕತೆ, ಲಾಲಿ, ಗದರಿಕೆ, ಮುದ್ದು ಎಲ್ಲ ಒಮ್ಮೆಲೇ ನಿಂತುಹೋಗುತ್ತವೆ. ಮಾತು ಬರಬೇಕಾದ ಮಗುವಿಗೆ ಮಾತೇ ಕಡಿಮೆಯಾಯಿತು!

ಎರಡು ಮೂರು ಭಾಷೆ ಕಿವಿಗೆ ಬೀಳುವುದರಿಂದ ಮಾತು ತಡವಾಗುವುದಿಲ್ಲ, ಆಟಿಸಂ ಬರುವುದಿಲ್ಲ, ಇದ್ದ ಆಟಿಸಂ ಹೆಚ್ಚುವುದೂ ಇಲ್ಲ. ಮಾತಿನ ತಜ್ಞರಲ್ಲಿ ಈಗ ಇದರ ಬಗ್ಗೆ ಒಮ್ಮತವಿದೆ. ನೋಡಬೇಕಾದದ್ದು ಇಷ್ಟು: ಎಲ್ಲ ಭಾಷೆಗಳ ಶಬ್ದಗಳನ್ನೂ ಕೂಡಿಸಿ ಎಣಿಸಿದಾಗ ಎರಡು ವರ್ಷಕ್ಕೆ ಸುಮಾರು ಐವತ್ತು ಶಬ್ದ, ‘ಅಮ್ಮ ಬಾ’, ‘ಪಾನೀ ದೇ’ಯಂಥ ಜೋಡಿ ಮಾತು ಇದೆಯೇ? ಶಾಲೆಯಲ್ಲಿ ತುಟಿ ಬಿಚ್ಚದ ಮಗು ಮನೆಯಲ್ಲಿ ಅಜ್ಜಿಯೊಡನೆ ಲೊಟಲೊಟ ಮಾತಾಡುತ್ತಿದ್ದರೆ ಅದು ಹೊಸ ಭಾಷೆಯ ಸಂಕೋಚ, ಕೆಲವು ತಿಂಗಳು ಕಾಯಬಹುದು. ಮನೆಮಾತಿನಲ್ಲೂ ಹಿಂದಿದ್ದರೆ ಕಾಯಬಾರದು. ಆ ವ್ಯತ್ಯಾಸ ತಿಳಿಯಬೇಕಾದರೆ ತಪಾಸಣೆ ಮನೆಮಾತಿನಲ್ಲೂ ನಡೆಯಬೇಕು. ಇಂಗ್ಲಿಷಿನ ಚಿತ್ರಪುಸ್ತಕ ತೋರಿಸಿ ‘ಹೇಳಲಿಲ್ಲ’ ಎಂದು ಬರೆದರೆ ಏನು ತಿಳಿದಂತಾಯಿತು? ಇದಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಕನ್ನಡದ ಮಕ್ಕಳಿಗಾಗಿಯೇ ಪರೀಕ್ಷೆಗಳನ್ನು ರೂಪಿಸಿದವರು ಅವರು. ದೀಪಾವಳಿ ರಜೆಗೆ ಊರಿಗೆ ಹೋಗುವಾಗ ಎರಡು ದಿನ ಮೈಸೂರಿಗೆ ತೆಗೆದಿಡಿ. ದೂರದಲ್ಲಿರುವವರಿಗೆ ಆನ್‌ಲೈನ್ ತರಬೇತಿಯನ್ನೂ ಅವರು ಕೊಡುತ್ತಾರೆ.

ಶಾಲೆಯ ಭಾಷೆಗಳ ಲೆಕ್ಕ ಬೇರೆ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಿಂದ ಮರಾಠಿ, ತೆಲಂಗಾಣದಲ್ಲಿ 2018ರ ಕಾಯ್ದೆಯಿಂದ ತೆಲುಗು, ತಮಿಳುನಾಡಿನಲ್ಲಿ 2006ರ ಕಾಯ್ದೆಯಿಂದ ತಮಿಳು ಕಡ್ಡಾಯ. ನೆಲದ ಭಾಷೆ ಕಲಿಯುವುದು ನಮ್ಮ ಕರ್ತವ್ಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಲಿಪಿಯೊಡನೆಯೇ ಒದ್ದಾಡುವ ಮಗುವಿಗೆ ಮೂರು ಲಿಪಿ ಹೊರಿಸುವುದು ಶಿಕ್ಷೆ. ಎರಡನೆಯ, ಮೂರನೆಯ ಭಾಷೆಯಿಂದ ವಿನಾಯಿತಿ ಕೊಡುವ ಮಾತು 2016ರ ಕಾಯ್ದೆಯ 17ನೇ ಕಲಮಿನಲ್ಲೇ ಇದೆ. ಕೇಳಿ ಪಡೆಯಬೇಕು. ಬರವಣಿಗೆಯಿಂದ ವಿನಾಯಿತಿ ಸಿಕ್ಕಿತೆಂದು ಆಡುವುದನ್ನು ಬಿಡಿಸಬೇಕಾಗಿಲ್ಲ, ಕೆಳಗೆ ಆಡುವ ಮಕ್ಕಳೊಡನೆ ಮರಾಠಿ ತಾನೇ ಬರುತ್ತದೆ. ಸಾಮಾನ್ಯ ಶಾಲೆ ಒಗ್ಗದಿದ್ದರೆ ರಾಷ್ಟ್ರೀಯ ಮುಕ್ತ ಶಾಲೆಯಿಂದ ಹತ್ತನೆಯ ತರಗತಿ ಮಾಡಿಸಬಹುದು. ಅಲ್ಲಿ ವಿಷಯಗಳ ಆಯ್ಕೆ ನಮ್ಮದು, ಕನ್ನಡವನ್ನೂ ತೆಗೆದುಕೊಳ್ಳಬಹುದು.

ದುಡ್ಡಿನ ಮಾತು ಚುಟುಕಾಗಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ. ಸೇರಲು ವೈದ್ಯಕೀಯ ತಪಾಸಣೆ ಬೇಡ, ಥೆರಪಿಯ ಖರ್ಚೂ ಅದರೊಳಗೆ ಬರುತ್ತದೆ. ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವ ಹೆತ್ತವರಿಗೆ 75,000, ತೀವ್ರ ವೈಕಲ್ಯವಾದರೆ 1,25,000 ರೂಪಾಯಿ ಕಡಿತ ಸಿಗುತ್ತದೆ. ಕೇಂದ್ರ ಸರ್ಕಾರಿ ನೌಕರಿಯ ತಾಯಂದಿರಿಗೆ ಮಕ್ಕಳ ಆರೈಕೆಯ ರಜೆ ಒಟ್ಟು 730 ದಿನ. ಅಂಗವಿಕಲ ಮಗುವಿನ ವಿಷಯದಲ್ಲಿ ಮಗುವಿನ ವಯಸ್ಸಿನ ಮಿತಿ ಇಲ್ಲ.

ಕೊನೆಗೆ ನಮ್ಮ ಸಂಘಗಳ ಬಗ್ಗೆ ಒಂದು ದೂರು. ಜೂನ್ ಜುಲೈಯಲ್ಲಿ ಪ್ರತಿ ಕನ್ನಡ ಸಂಘವೂ ನೋಟ್‌ಬುಕ್ ಹಂಚುತ್ತದೆ, ಪ್ರತಿಭಾ ಪುರಸ್ಕಾರ ಮಾಡುತ್ತದೆ. ಒಳ್ಳೆಯ ಕೆಲಸ. ಆದರೆ ವೇದಿಕೆ ಹತ್ತುವುದು ಶೇ. 90 ದಾಟಿದವರು ಮಾತ್ರ. ಬರೆಯುವ ಸಹಾಯಕರನ್ನು ಇಟ್ಟುಕೊಂಡು ಶೇ. 52 ತೆಗೆದ ಹುಡುಗಿಯ ತಾಯಿ ಆ ಸಮಾರಂಭಕ್ಕೆ ಬರುವುದನ್ನೇ ನಿಲ್ಲಿಸಿರುತ್ತಾಳೆ. ಬಂದರೂ ಸಭಾಗೃಹ ಎರಡನೆಯ ಮಹಡಿಯಲ್ಲಿ, ಲಿಫ್ಟು ಊಟದ ಪಾತ್ರೆಗಳಿಗೆ ಮೀಸಲು. ಊರಿನಲ್ಲಾದರೆ ಮಗುವನ್ನು ಒಂದು ಗಳಿಗೆ ನೋಡಿಕೊಳ್ಳಲು ಅತ್ತಿಗೆಯೋ ಪಕ್ಕದ ಮನೆಯವರೋ ಇರುತ್ತಾರೆ. ಇಲ್ಲಿ ಆ ತಾಯಿಗೆ ಇರುವುದು ಬಾಗಿಲು ಮುಚ್ಚಿದ ಒಂದು ಫ್ಲ್ಯಾಟು, ಮತ್ತು ‘ನಿಮ್ಮ ಕಡೆ ಯಾರಿಗಾದರೂ ಹೀಗಿತ್ತೇ’ ಎಂದು ಫೋನಿನಲ್ಲಿ ಕೇಳುವ ನೆಂಟರು.

ಈ ಸಲ ನೋಟ್‌ಬುಕ್ ಹಂಚುವ ದಿನ ಬಾಗಿಲ ಹತ್ತಿರ ಇನ್ನೊಂದು ಮೇಜು ಹಾಕಿ. ಯುಡಿಐಡಿ ಅರ್ಜಿ ತುಂಬಲು ಬರುವ ಇಬ್ಬರು ಕಾಲೇಜು ಹುಡುಗರು ಲ್ಯಾಪ್‌ಟಾಪ್ ಹಿಡಿದು ಕೂರಲಿ. ಪಕ್ಕದಲ್ಲಿ ಈ ದಾರಿಯಲ್ಲಿ ಆಗಲೇ ಹತ್ತು ವರ್ಷ ನಡೆದ ಒಬ್ಬ ತಾಯಿ ಇರಲಿ. ಮಗುವಿನ ಆಧಾರ್, ಫೋಟೋ, ಇರುವಷ್ಟು ವೈದ್ಯಕೀಯ ಕಾಗದ ತರಬೇಕೆಂದು ಆಮಂತ್ರಣದಲ್ಲೇ ಅಚ್ಚು ಹಾಕಿಸಿ. ಕಾರ್ಯಕ್ರಮ ನೆಲಮಹಡಿಯಲ್ಲಿರಲಿ.